ಕಂಚಿನ ಕಾಸಿನ ಮೇಲೆ ದಂಡಿನ ಕೀರ್ತಿ

ಸುಬೇದಾರರು — ಮೇಷ್ಟ್ರೇ, ತಮ್ಮ ಭೂತಗನ್ನಡಿ ಇಲ್ಲದೆ ಹೋಗಿದ್ದರೆ ಇದನ್ನು ನಾಣ್ಯವೆಂದು ನಾನು ನಂಬುತ್ತಿರಲಿಲ್ಲ. ಅಂಗಿಯ ಗುಂಡಿಗಿಂತ ದೊಡ್ಡದಲ್ಲ, ಬಣ್ಣವೋ ಹಸುರು ಕಲಸಿದ ಕಪ್ಪು. ಈಗ ಕಣ್ಣಿಗೆ ಹಿಡಿದು ನೋಡಿದರೆ ಇಬ್ಬರು ಸಿಪಾಯಿಗಳು ಎದುರುಬದುರಾಗಿ ನಿಂತಿದ್ದಾರೆ. ತಲೆಗೆ ಶಿರಸ್ತ್ರಾಣವಿದೆ, ಹೊರಗಡೆಯ ಕೈಯಲ್ಲಿ ನೆಟ್ಟಗೆ ಹಿಡಿದ ಭರ್ಜಿ, ಒಳಗಡೆಯ ಕೈ ನೆಲಕ್ಕೂರಿದ ಗುರಾಣಿಯ ಮೇಲೆ. ಯುದ್ಧದ ನಿಲುವಲ್ಲ ಇದು, ಪಹರೆಯ ನಿಲುವು. ಆದರೆ ಇಬ್ಬರ ನಡುವೆ ಒಂದೇ ನಿಶಾನಿ ನೆಟ್ಟಿದೆಯಲ್ಲ, ಅದು ಇಬ್ಬರಲ್ಲಿ ಯಾರದು?

ಉಪಾಧ್ಯಾಯರು — ತಮ್ಮ ದೃಷ್ಟಿ ಹೋಗಬೇಕಾದೆಡೆಗೇ ಹೋಯಿತು. ಈ ಇಬ್ಬರು ಸಿಪಾಯಿಗಳ ಮುದ್ರೆಯನ್ನು ಸಾಮ್ರಾಟ ಕಾನ್‌ಸ್ಟಾಂಟೈನನು ಕ್ರಿ.ಶ. 330ರಲ್ಲಿ, ಅಂದರೆ ಬಾಸ್ಫರಸ್ಸಿನ ದಡದಲ್ಲಿ ತನ್ನ ಹೆಸರಿನ ಹೊಸ ರಾಜಧಾನಿಯನ್ನು ಪ್ರತಿಷ್ಠಾಪಿಸಿದ ವರ್ಷದಲ್ಲಿ, ಹೊರಡಿಸಲಾರಂಭಿಸಿದಾಗ ಅವರ ನಡುವೆ ಎರಡು ನಿಶಾನಿಗಳಿದ್ದುವು. ಐದಾರು ವರ್ಷಗಳೊಳಗೆ ನಾಣ್ಯದ ತೂಕವು ಸುಮಾರು 2.5 ಗ್ರಾಮಿನಿಂದ 1.5 ಗ್ರಾಮಿನ ಆಸುಪಾಸಿಗೆ ಇಳಿಯಿತು, ಬಿಲ್ಲೆ ಕಿರಿದಾಯಿತು, ಅಚ್ಚು ಕೊರೆಯುವವನು ಜಾಗ ಸಾಲದೆ ಒಂದು ನಿಶಾನಿಯನ್ನು ಕೈಬಿಟ್ಟನು. ಸಿಪಾಯಿಗಳಲ್ಲಿ ಒಬ್ಬನನ್ನು ಕೈಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಅಂಚಿನ ಅಕ್ಷರಗಳು ‘ಗ್ಲೋರಿಯಾ ಎಕ್ಸರ್ಕಿಟುಸ್’, ದಂಡಿನ ಕೀರ್ತಿ ಎಂದು ಹೇಳುತ್ತವೆ. ಈಗಿನ ಜರ್ಮನಿಯ ಟ್ರಿಯರಿನಿಂದ ಹಿಡಿದು ಈಜಿಪ್ಟಿನ ಅಲೆಕ್ಸಾಂಡ್ರಿಯದವರೆಗೆ ಸಾಮ್ರಾಜ್ಯದ ಟಂಕಸಾಲೆಗಳೆಲ್ಲವೂ ಇದೊಂದೇ ಚಿತ್ರವನ್ನು ವರ್ಷಗಟ್ಟಲೆ ಹೊಡೆದುವು.

ಸುಬೇದಾರರು — ಅಕ್ಷರಗಳು ಮಸಕಾಗಿವೆ. ಒಂದಿಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೆ ಸ್ಪಷ್ಟವಾದಾವು.

ಉಪಾಧ್ಯಾಯರು — ದಯವಿಟ್ಟು ಅಂಥ ಮಾತನ್ನು ಇದರ ಎದುರಿಗೆ ಆಡಬೇಡಿ! ಹದಿನಾರು ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚಿಗೆ ಈ ಕಪ್ಪು ಹಸುರಿನ ಪೊರೆಯೇ ಮೈಚರ್ಮ. ಅಕ್ಷರಗಳೂ ಮುಖಗಳೂ ಈಗ ಉಳಿದಿರುವುದು ಲೋಹದಲ್ಲಲ್ಲ, ಆ ಪೊರೆಯಲ್ಲಿ. ಹುಳಿಯಿಂದ ತಿಕ್ಕಿದವನಿಗೆ ಫಳಫಳಿಸುವ ತಾಮ್ರದ ತುಂಡು ದೊರೆಯುತ್ತದೆ, ಇತಿಹಾಸ ದೊರೆಯುವುದಿಲ್ಲ. ತೆಗೆಯಬೇಕಾದದ್ದು ಬೇರೊಂದು ಕಿಲುಬು. ತಿಳಿಹಸುರು ಪುಡಿಯಂತೆ ಉದುರತಕ್ಕ ಅದು ಲವಣದ ದೋಷದಿಂದ ಹುಟ್ಟಿ ಲೋಹವನ್ನು ಒಳಗೊಳಗೇ ತಿನ್ನುತ್ತದೆ. ಈ ಬಿಲ್ಲೆಗೆ ಆ ರೋಗವಿಲ್ಲ.

ಸುಬೇದಾರರು — ಇರಲಿ, ತಿಕ್ಕುವುದು ಬೇಡ. ನನ್ನ ಸಂಶಯ ಬೇರೆ. ತಾವು ಇತಿಹಾಸವನ್ನು ಬೋಧಿಸಿದವರು, ನಾಣ್ಯದ ಮೇಲೆ ಒಂದು ಚಿತ್ರ ಕಂಡರೆ ಅದರಲ್ಲಿ ಸಾಮ್ರಾಟನ ಮನೋಗತವನ್ನು ಓದುತ್ತೀರಿ. ನಾನು ಪಟಾಲಮಿನಲ್ಲಿ ಬಟವಾಡೆಯ ದಿನವನ್ನು ಕಂಡವನು. ಸಂಬಳ ಕೈಗೆ ಬಂದ ಸಿಪಾಯಿ ನೋಟಿನ ಮೇಲೆ ಯಾರ ಚಿತ್ರವಿದೆಯೆಂದು ನೋಡುವುದಿಲ್ಲ. ಎಣಿಸುತ್ತಾನೆ, ಮತ್ತೊಮ್ಮೆ ಎಣಿಸುತ್ತಾನೆ, ಮುರಿದುಕೊಂಡದ್ದೆಷ್ಟು ಎಂದು ಗೊಣಗುತ್ತಾನೆ. ರೋಮಿನ ಸಿಪಾಯಿ ಬೇರೆ ಮಣ್ಣಿನಿಂದ ಹುಟ್ಟಿದವನೆ?

ಉಪಾಧ್ಯಾಯರು — ತಮ್ಮ ಪಕ್ಷಕ್ಕೆ ದೊಡ್ಡ ವಿದ್ವಾಂಸರೇ ಇದ್ದಾರೆ. ಕೇಂಬ್ರಿಜಿನ ಪ್ರಾಧ್ಯಾಪಕರಾಗಿದ್ದ ಎ. ಎಚ್. ಎಂ. ಜೋನ್ಸ್ ಎಂಬವರು 1956ರಲ್ಲಿ ಬರೆದ ಒಂದು ಲೇಖನದಲ್ಲಿ, ರೋಮನ್ ನಾಣ್ಯಗಳ ಚಿತ್ರಗಳಿಗೆ ನಾಣ್ಯಶಾಸ್ತ್ರಜ್ಞರು ಕೊಡುತ್ತಿದ್ದ ರಾಜಕೀಯ ಮಹತ್ತ್ವವು ಅತಿಯಾಯಿತೆಂದೂ ಅವುಗಳನ್ನು ಈ ಕಾಲದ ಅಂಚೆಚೀಟಿಗಳ ಹಾಗೆ ಎಣಿಸಿದರೆ ಸಾಕೆಂದೂ ವಾದಿಸಿದರು. ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ತಾವು ಹೇಳಿದ ‘ಮುರಿದುಕೊಂಡದ್ದೆಷ್ಟು’ ಎಂಬ ಗೊಣಗಾಟವಿದೆಯಲ್ಲ, ಅದರ ದಾಖಲೆಯೇ ಸಿಕ್ಕಿದೆ. ಈಜಿಪ್ಟಿನಲ್ಲಿ ದೊರೆತ ಒಂದು ಪಪೈರಸ್ ಹಾಳೆಯಲ್ಲಿ ಮೊದಲನೆಯ ಶತಮಾನದ ಇಬ್ಬರು ಸಿಪಾಯಿಗಳ ಲೆಕ್ಕವಿದೆ. ಒಂದು ಕಂತಿನ ಸಂಬಳ 248 ದ್ರಾಖ್ಮ. ಅದರಲ್ಲಿ ಹುಲ್ಲಿಗೆ 10, ಊಟಕ್ಕೆ 80, ಪಾದರಕ್ಷೆ ಕಾಲುಪಟ್ಟಿಗಳಿಗೆ 12, ದಂಡಿನ ಸ್ಯಾಟರ್ನೇಲಿಯ ಹಬ್ಬಕ್ಕೆ 20, ಬಟ್ಟೆಗೆ 60. ಕಳೆದು ಉಳಿದದ್ದು 66, ಅದೂ ಪಡೆಯ ಖಜಾನೆಯಲ್ಲಿ ಠೇವಣಿ.

ಸುಬೇದಾರರು — ಹಬ್ಬದ ವಂತಿಗೆಯನ್ನೂ ಸಂಬಳದಲ್ಲೇ ಹಿಡಿದರೆ! ಈ ಮೇಷ್ಟ್ರಿಕೆಯ ಇತಿಹಾಸಕ್ಕಿಂತ ಆ ಹಾಳೆಯೊಂದೇ ನನಗೆ ಸಾಕಾಗಿತ್ತು. ಈ ಕಂಚಿನ ಕಾಸಿಗೂ ಸಂಬಳಕ್ಕೂ ಏನು ಸಂಬಂಧ? ಸಂಬಳ ಬೆಳ್ಳಿಯಲ್ಲಿ ತಾನೆ?

ಉಪಾಧ್ಯಾಯರು — ದೊಡ್ಡ ಮೊತ್ತ ಬೆಳ್ಳಿಬಂಗಾರಗಳಲ್ಲಿ. ಆದರೆ ಸಿಪಾಯಿಯ ಮನಸ್ಸಿನ ಲೆಕ್ಕ ಮಾತ್ರ ತಾಮ್ರದ ಕಾಸಿನಲ್ಲಿಯೇ ನಡೆಯುತ್ತಿತ್ತು. ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಲೀಜನ್ ಎಂಬ ದೊಡ್ಡ ದಳದ ಸಾಧಾರಣ ಸಿಪಾಯಿಗೆ ವರ್ಷಕ್ಕೆ 225 ಬೆಳ್ಳಿಯ ದಿನಾರ. ಒಂದು ದಿನಾರಕ್ಕೆ 16 ತಾಮ್ರದ ‘ಆಸ್’. ಒಟ್ಟು 3,600 ಆಸ್, ಹಂಚಿ ನೋಡಿದರೆ ದಿನಕ್ಕೆ ಸುಮಾರು ಹತ್ತು. ಕ್ರಿ.ಶ. 14ರಲ್ಲಿ ಆಗಸ್ಟಸ್ ತೀರಿಕೊಂಡ ಸುದ್ದಿ ಡ್ಯಾನ್ಯೂಬ್ ಸೀಮೆಯ ಪನೋನಿಯದ ದಂಡಿಗೆ ತಲಪಿದಾಗ ಸಿಪಾಯಿಗಳು ದಂಗೆಯೆದ್ದರು. ಅವರ ಮುಖಂಡ ಪರ್ಕೆನ್ನಿಯಸ್ ಎಂಬವನು ನಾಟಕದ ಚಪ್ಪಾಳೆಗಾರರ ಗುಂಪನ್ನು ನಡೆಸಿ ಬಂದವನು, ಮಾತಿನ ಮಲ್ಲ. ನಮ್ಮ ಪ್ರಾಣವೂ ದೇಹವೂ ಸೇರಿ ದಿನಕ್ಕೆ ಹತ್ತು ಕಾಸಿಗೆ ಬೆಲೆಕಟ್ಟಲ್ಪಟ್ಟಿವೆ, ಅದರಲ್ಲಿಯೂ ಬಟ್ಟೆ, ಆಯುಧ, ಡೇರೆ, ಮೇಲಧಿಕಾರಿಯ ಹೊಡೆತವನ್ನು ತಪ್ಪಿಸಿಕೊಳ್ಳಲು ಕೊಡುವ ಲಂಚ ಎಲ್ಲವೂ ಹೊರಡಬೇಕು, ದಿನಕ್ಕೊಂದು ದಿನಾರ ಕೊಡಿ ಎಂಬ ಅರ್ಥದಲ್ಲಿ ಅವನು ಮಾತನಾಡಿದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪ್ರಾಣದ ಬೆಲೆಯನ್ನು ಯಾವ ಲೋಹದಲ್ಲಿ ಹೇಳಿದನೋ ಅದೇ ಲೋಹದ ಮೇಲೆ ದಂಡಿನ ಚಿತ್ರಗಳು ಬಂದಾಗ, ಅವು ಯಾರ ಕಣ್ಣಿಗಾಗಿ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಸುಬೇದಾರರು — ಶತ್ರುವಿನ ಕಣ್ಣಿಗಾಗಿ ಇರಬಹುದು, ಪ್ರಜೆಗಳ ಕಣ್ಣಿಗಾಗಿ ಇರಬಹುದು.

ಉಪಾಧ್ಯಾಯರು — ಶತ್ರು ಇವನ್ನು ನೋಡುವುದು ಲೂಟಿಯ ಮೂಟೆ ಬಿಚ್ಚಿದಾಗ. ಪ್ರಜೆಗಳಿಗೆ ಎಂಬ ಮಾತು ಒಪ್ಪಬಹುದಾದದ್ದೆ, ಆದರೆ ಪೂರ್ತಿಯಾಗಿ ಅಲ್ಲ. ಸಿಪಾಯಿಯ ಕೈಗೇ ಉದ್ದೇಶಿಸಿ ಕೊಟ್ಟ ಕಾಸುಗಳು ಇದ್ದುವೆಂಬುದಕ್ಕೆ ನಿದರ್ಶನ ಹೇಳುತ್ತೇನೆ. ಉತ್ತರ ಜರ್ಮನಿಯಲ್ಲಿ ಕಾಲ್ಕ್ರೀಸೆ ಎಂಬ ಸ್ಥಳವಿದೆ; 1987ರಲ್ಲಿ ಹವ್ಯಾಸಕ್ಕಾಗಿ ಲೋಹಶೋಧಕವನ್ನು ಹಿಡಿದು ತಿರುಗುತ್ತಿದ್ದ ಒಬ್ಬ ಬ್ರಿಟಿಷ್ ಸೈನ್ಯಾಧಿಕಾರಿಗೆ ಅಲ್ಲಿ ಬೆಳ್ಳಿಯ ದಿನಾರಗಳೂ ಕವಣೆಯಿಂದ ಎಸೆಯುವ ಸೀಸದ ಗುಂಡುಗಳೂ ಸಿಕ್ಕಿದುವು. ಮುಂದೆ ಉತ್ಖನನ ನಡೆದಾಗ ತಾಮ್ರದ ಆಸ್‌ಗಳು ಬಹಳವಾಗಿ ದೊರೆತುವು. ಅವುಗಳಲ್ಲಿ ಎಷ್ಟೋ ನಾಣ್ಯಗಳ ಮೇಲೆ, ಆಗಸ್ಟಸನ ಕತ್ತಿನ ಮೇಲೋ ಕೆನ್ನೆಯ ಮೇಲೋ ಎಂಬ ಲಕ್ಷ್ಯವಿಲ್ಲದೆ, ಚೌಕನೆಯ ಸಣ್ಣ ಮರುಮುದ್ರೆಯೊಂದನ್ನು ಗುದ್ದಲಾಗಿದೆ. ಅದರೊಳಗೆ ಮೂರಕ್ಷರ, ‘ವಾರ್’. ಕ್ರಿ.ಶ. 7ರಿಂದ 9ರವರೆಗೆ ಜರ್ಮನಿಯ ದಂಡನಾಯಕನಾಗಿದ್ದ ವಾರುಸನ ಹೆಸರದು. ಚಕ್ರವರ್ತಿಯ ನಾಣ್ಯಕ್ಕೆ ತನ್ನ ಹೆಸರೊತ್ತಿ, ಇದನ್ನು ಕೊಟ್ಟವನು ನಾನು ಎಂದು ತಿಳಿಯಲೆಂದು ಸಿಪಾಯಿಗಳಿಗೆ ಬಕ್ಷೀಸಾಗಿ ಹಂಚಿಸಿದನೆಂದು ವಿದ್ವಾಂಸರು ತರ್ಕಿಸುತ್ತಾರೆ. ಕ್ರಿ.ಶ. 9ರಲ್ಲಿ ಮೂರು ಲೀಜನ್‌ಗಳು, ಹದಿನೇಳು, ಹದಿನೆಂಟು, ಹತ್ತೊಂಬತ್ತನೆಯವು, ಅವನೊಡನೆ ಅಲ್ಲಿಯ ಕಾಡಿನ ಯುದ್ಧದಲ್ಲಿ ನಿರ್ನಾಮವಾದುವು. ಆ ಸಂಖ್ಯೆಗಳನ್ನು ರೋಮ್ ಮತ್ತಾವ ದಳಕ್ಕೂ ಕೊಡಲಿಲ್ಲ. ವಾರುಸನ ಅಧಿಕಾರಾವಧಿ ಅಷ್ಟು ಸಣ್ಣದಾದ್ದರಿಂದಲೇ, ಆ ಮೂರಕ್ಷರದ ಕಾಸುಗಳು ಆ ಮಣ್ಣಿನಲ್ಲಿ ಸಿಕ್ಕಿದ್ದು ರಣಭೂಮಿಯನ್ನು ಗುರುತಿಸುವುದಕ್ಕೆ ದೊಡ್ಡ ಸಾಕ್ಷ್ಯವಾಯಿತು.

ಸುಬೇದಾರರು — ಬಕ್ಷೀಸು ತೆಗೆದುಕೊಂಡವರೂ ಕೊಟ್ಟವನೂ ಒಂದೇ ಕಾಡಿನಲ್ಲಿ. ಮುಂದೆ ಹೇಳಿ.

ಉಪಾಧ್ಯಾಯರು — ಈ ಚಿತ್ರಪುಸ್ತಕದಲ್ಲಿರುವ ದೊಡ್ಡ ನಾಣ್ಯವನ್ನು ನೋಡಿ. ಇದು ‘ಸೆಸ್ಟರ್ಷಿಯಸ್’, ನಾಲ್ಕು ಆಸ್‌ಗಳ ಬೆಲೆಯದು. ಅಡ್ಡಗಲ ಸುಮಾರು 35 ಮಿಲಿಮೀಟರ್, ತೂಕ ಸುಮಾರು 25 ಗ್ರಾಂ. ಕಂಚಿನ ನಾಣ್ಯವೆಂದು ವಾಡಿಕೆಯಾಗಿ ಕರೆದರೂ ಇದು ವಾಸ್ತವವಾಗಿ ಸತುವು ಬೆರೆತ ಹಿತ್ತಾಳೆ, ಟಂಕಸಾಲೆಯಿಂದ ಹೊರಬಿದ್ದ ದಿನ ಬಂಗಾರದಂತೆ ಹೊಳೆಯುತ್ತಿತ್ತು. ಇದು ಕ್ರಿ.ಶ. 37ರಲ್ಲಿ ಪಟ್ಟಕ್ಕೆ ಬಂದ ಕಲಿಗುಲನದು. ಅವನು ಎತ್ತರವಾದ ಜಗಲಿಯ ಮೇಲೆ ಬಲಗೈಯನ್ನು ಚಾಚಿ ನಿಂತಿದ್ದಾನೆ. ಕೆಳಗೆ ಐವರು ಸಿಪಾಯಿಗಳು ಗುರಾಣಿ ಹಿಡಿದು, ಹದ್ದಿನ ಲಾಂಛನದ ಧ್ವಜಗಳನ್ನೆತ್ತಿ, ಅವನ ಮಾತನ್ನು ಕೇಳುತ್ತಿದ್ದಾರೆ. ‘ಅಡ್ಲೋಕುಟ್ ಕೋಹ್’, ಪಡೆಗಳಿಗೆ ಸಂಬೋಧನೆ, ಎಂದು ಬರೆಹ. ಆ ಕಾಲದ ಹಿತ್ತಾಳೆ ತಾಮ್ರಗಳ ನಾಣ್ಯದಲ್ಲಿ ಸೆನೇಟಿನ ಸಮ್ಮತಿಯನ್ನು ಸೂಚಿಸುವ ‘ಎಸ್ ಸಿ’ ಎಂಬ ಎರಡು ಅಕ್ಷರಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ; ಇದರಲ್ಲಿ ಇಲ್ಲ. ಸೆನೇಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಯಜಮಾನನಿಗೂ ಅವನ ಅಂಗರಕ್ಷಕ ಪಡೆಗೂ ನಡುವಿನ ವ್ಯವಹಾರ ಎಂಬಂತಿದೆ. ಹಿಂದಿನ ಚಕ್ರವರ್ತಿ ಟೈಬೀರಿಯಸ್ ತನ್ನ ಮರಣಪತ್ರದಲ್ಲಿ ಆ ಪಡೆಯ ಒಬ್ಬೊಬ್ಬನಿಗೂ ಸಾವಿರ ಸೆಸ್ಟರ್ಷಿಯಸ್ ಬಿಟ್ಟುಹೋಗಿದ್ದನು. ಕಲಿಗುಲ ಅದಕ್ಕೆ ಅಷ್ಟನ್ನೇ ತನ್ನ ಕೈಯಿಂದ ಸೇರಿಸಿ ಹಂಚಿದನೆಂದು ಇತಿಹಾಸಕಾರ ಡಿಯೋ ಬರೆಯುತ್ತಾನೆ.

ಸುಬೇದಾರರು — ಜಗಲಿಯ ಮೇಲೆ ಒಬ್ಬ, ಕೆಳಗೆ ಐವರು. ಇಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬ ಅನುಮಾನಕ್ಕೆ ಆಸ್ಪದವಿಲ್ಲ.

ಉಪಾಧ್ಯಾಯರು — ಚಿತ್ರದಲ್ಲಿ ಇಲ್ಲ. ಕ್ರಿ.ಶ. 41ರ ಜನವರಿಯಲ್ಲಿ ಅರಮನೆಯ ಓಣಿಯೊಂದರಲ್ಲಿ ಅವನನ್ನು ಕಡಿದು ಹಾಕಿದವರು ಅದೇ ಅಂಗರಕ್ಷಕ ಪಡೆಯ ಅಧಿಕಾರಿಗಳು. ಅನಂತರ ಅವನ ಚಿಕ್ಕಪ್ಪ ಕ್ಲಾಡಿಯಸನನ್ನು ಪರದೆಯ ಹಿಂದಿನಿಂದ ಎಳೆದು ತಂದು ಪಟ್ಟಕ್ಕೆ ಕೂರಿಸಿದವರೂ ಅವರೆ. ಆ ಉಪಕಾರಕ್ಕೆ ತಲೆಗೆ ಹದಿನೈದು ಸಾವಿರ ಸೆಸ್ಟರ್ಷಿಯಸ್.

ಸುಬೇದಾರರು — ಅರ್ಥವಾಯಿತು ತಾವು ಎಲ್ಲಿಗೆ ಕರೆದೊಯ್ಯುತ್ತಿದ್ದೀರೆಂದು. ಚಕ್ರವರ್ತಿಗಳಿಗೆ ದಂಡಿನ ಭಯ, ಆದಕಾರಣ ನಾಣ್ಯದ ಮೇಲೆ ದಂಡಿನ ಸ್ತುತಿ. ಯಾವುದು ಕೈಯಲ್ಲಿಲ್ಲವೋ ಅದನ್ನು ಕಾಸಿನ ಮೇಲೆ ಕೊರೆಯಿಸಿದರು. ಇದು ಬಹಳ ಸುಲಭವಾದ ಸೂತ್ರ ಮೇಷ್ಟ್ರೇ. ಇದನ್ನು ಹಿಡಿದು ಹೊರಟರೆ ಶಾಂತಿ ಎಂದು ಬರೆದಲ್ಲೆಲ್ಲ ಯುದ್ಧ, ಗೆದ್ದೆವೆಂದು ಬರೆದಲ್ಲೆಲ್ಲ ಸೋಲು ಎಂದು ಓದಬೇಕಾದೀತು. ಸಿಪಾಯಿ ಕೆಲವು ಸಲ ನಿಜವಾಗಿಯೂ ಗೆಲ್ಲುತ್ತಾನೆ, ಅದಕ್ಕೂ ಒಂದು ನಾಣ್ಯ ಬೇಡವೆ?

ಉಪಾಧ್ಯಾಯರು — ಬೇಕು, ಉಂಟು. ಕ್ರಿ.ಶ. 70ರಲ್ಲಿ ಜೆರೂಸಲೇಮ್ ರೋಮಿನ ವಶವಾಯಿತು. ಮರುವರ್ಷವೇ ವೆಸ್ಪೇಸಿಯನ್ ಚಕ್ರವರ್ತಿಯ ಸೆಸ್ಟರ್ಷಿಯಸ್ಸಿನ ಮೇಲೆ ಒಂದು ಖರ್ಜೂರದ ಮರ, ಅದರ ಒಂದು ಬದಿಗೆ ಶಿರಸ್ತ್ರಾಣವೊಂದರ ಮೇಲೆ ಕಾಲಿಟ್ಟು ಭರ್ಜಿ ಹಿಡಿದು ನಿಂತ ಚಕ್ರವರ್ತಿ, ಇನ್ನೊಂದು ಬದಿಗೆ ತಲೆಗೆ ಕೈಹೊತ್ತು ಕುಳಿತ ಯೆಹೂದಿ ಹೆಂಗಸು, ಸುತ್ತ ‘ಯೂಡಿಯ ಕಾಪ್ಟ’, ಸೆರೆಸಿಕ್ಕ ಯೂಡಿಯ ಎಂಬ ಬರೆಹ. ಇದು ನಡೆದದ್ದನ್ನು ಹೇಳುವ ನಾಣ್ಯ, ಕ್ರೂರವಾದರೂ ಸುಳ್ಳಲ್ಲ. ಹಾಗೆಯೇ ಡ್ಯಾನ್ಯೂಬಿನ ದಡದ ವಿಮಿನೇಕಿಯಂ ಪಟ್ಟಣದವರು 239ರಿಂದ ಹೊರಡಿಸಿದ ಕಂಚಿನ ನಾಣ್ಯಗಳ ಮೇಲೆ ಒಬ್ಬ ಸ್ತ್ರೀಮೂರ್ತಿಯ ಎಡಬಲಗಳಲ್ಲಿ ಒಂದು ಗೂಳಿಯೂ ಒಂದು ಸಿಂಹವೂ ನಿಂತಿವೆ. ಆ ಸೀಮೆಯ ಏಳನೆಯ ಕ್ಲಾಡಿಯ ಮತ್ತು ನಾಲ್ಕನೆಯ ಫ್ಲಾವಿಯ ಎಂಬ ಲೀಜನ್‌ಗಳ ಲಾಂಛನಗಳವು. ಅಲ್ಲಿ ಭಯವೂ ಇಲ್ಲ, ಬೇಡಿಕೆಯೂ ಇಲ್ಲ. ದಂಡಿನ ವ್ಯಾಪಾರದಿಂದ ಬದುಕುವ ಊರು ತನ್ನ ಗಿರಾಕಿಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದೆ, ಅಷ್ಟೆ. ಆದ್ದರಿಂದ ನನ್ನ ಸೂತ್ರವನ್ನು ತಮ್ಮ ಆಕ್ಷೇಪಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತೇನೆ. ಘಟನೆಯನ್ನು ಹೇಳುವ ನಾಣ್ಯವನ್ನು ಬಹುಮಟ್ಟಿಗೆ ನಂಬಬಹುದು. ಗುಣವನ್ನು ಹೊಗಳುವ ನಾಣ್ಯವನ್ನು ಕಂಡಾಗ ಮಾತ್ರ, ಆ ಗುಣ ಅಂದು ಯಾರ ಬಳಿ ಇತ್ತು, ಯಾರಿಗೆ ಬೇಕಾಗಿತ್ತು ಎಂದು ಕೇಳಬೇಕು.

ಸುಬೇದಾರರು — ಅದನ್ನು ಒಪ್ಪುತ್ತೇನೆ, ದೃಷ್ಟಾಂತ ಕೊಟ್ಟರೆ.

ಉಪಾಧ್ಯಾಯರು — ಒಂದಲ್ಲ, ಎರಡು ಕೊಡುತ್ತೇನೆ. ಕ್ರಿ.ಶ. 193ರ ಮಾರ್ಚಿನಲ್ಲಿ ಅಂಗರಕ್ಷಕ ಪಡೆಯು ಪರ್ಟಿನಾಕ್ಸ್ ಚಕ್ರವರ್ತಿಯನ್ನು ಕೊಂದು, ಸಿಂಹಾಸನವನ್ನು ತನ್ನ ಪಾಳೆಯದ ಗೋಡೆಯ ಬಳಿ ಹರಾಜು ಹಾಕಿತು. ಒಳಗಿನಿಂದ ಒಬ್ಬನು ತಲೆಗೆ ಇಪ್ಪತ್ತು ಸಾವಿರ ಸೆಸ್ಟರ್ಷಿಯಸ್ ಎಂದು ಕೂಗಿದರೆ, ಹೊರಗೆ ನಿಂತ ಡಿಡಿಯಸ್ ಜೂಲಿಯಾನಸನು ಇಪ್ಪತ್ತೈದು ಸಾವಿರ ಎಂದು ಬೆರಳೆತ್ತಿ ತೋರಿಸಿ ಸಾಮ್ರಾಜ್ಯವನ್ನು ಕೊಂಡನು. ಆ ವೇಳೆಗೆ ಸುಮಾರು 20 ಗ್ರಾಮಿಗೆ ಇಳಿದಿದ್ದ ಸೆಸ್ಟರ್ಷಿಯಸ್‌ಗಳಲ್ಲೇ ಅದನ್ನು ಸಲ್ಲಿಸಿದ್ದರೆ, ಒಬ್ಬೊಬ್ಬ ಸಿಪಾಯಿಯೂ ಅರ್ಧ ಟನ್ ಹಿತ್ತಾಳೆಯನ್ನು ಮನೆಗೆ ಹೊರಬೇಕಾಗುತ್ತಿತ್ತು! ಈ ಮನುಷ್ಯನ ಆಳ್ವಿಕೆ 66 ದಿನ. ಆ ಅಲ್ಪಕಾಲದಲ್ಲಿಯೇ ಹೊಡೆಸಿದ ಸೆಸ್ಟರ್ಷಿಯಸ್ಸಿನ ಮೇಲೆ ಹದ್ದಿನ ಧ್ವಜವೊಂದನ್ನೂ ದಳದ ನಿಶಾನಿಯೊಂದನ್ನೂ ಎರಡು ಕೈಗಳಲ್ಲಿ ಹಿಡಿದ ದೇವತೆ, ‘ಕಾಂಕಾರ್ಡ್ ಮಿಲಿಟ್’, ಸೈನಿಕರ ಐಕಮತ್ಯ ಎಂಬ ಬರೆಹ. ಡ್ಯಾನ್ಯೂಬಿನಿಂದ ಸೆವೆರಸ್ ಎಂಬ ದಂಡನಾಯಕನು ತನ್ನ ದಂಡುಗಳೊಡನೆ ಬರುತ್ತಿದ್ದಾನೆಂದು ತಿಳಿದಾಗ ಆ ಐಕಮತ್ಯವು ನಿಜವಾಗಿಯೂ ಸಿದ್ಧಿಸಿತು. ಇವನನ್ನು ಕೈಬಿಡುವ ವಿಷಯದಲ್ಲಿ ಸೈನಿಕರೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲ.

ಸುಬೇದಾರರು — ಪಾಪ, ಕೊಂಡ ಮಾಲಿಗೆ ರಸೀತಿಯನ್ನು ತಾನೇ ಬರೆದುಕೊಂಡ. ಇನ್ನೊಂದು?

ಉಪಾಧ್ಯಾಯರು — ಇನ್ನೊಂದು ಹೆಚ್ಚು ದುಃಖದ್ದು. ಮಾಕ್ಸಿಮಿನಸ್ ಎಂಬವನು ಥ್ರೇಸಿನ ಹಳ್ಳಿಗಾಡಿನಿಂದ ಬಂದ ಸಾಮಾನ್ಯ ಸಿಪಾಯಿ; ಮೈಕಟ್ಟಿನ ಬಲದಿಂದ ಮೇಲೇರಿ 235ರಲ್ಲಿ ದಂಡಿನ ಕೈಯಿಂದಲೇ ಚಕ್ರವರ್ತಿಯಾದನು. ಅವನು ಸಿಪಾಯಿಗಳಿಗೆ ಹೊರಗಿನವನಲ್ಲ, ಅವರಲ್ಲೊಬ್ಬನು. ಅವನ ನಾಣ್ಯಗಳ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವವಳು ಎರಡು ಕೈಗಳಲ್ಲಿ ಎರಡು ನಿಶಾನಿಗಳನ್ನು ಹಿಡಿದು ನಿಂತ ನಿಷ್ಠೆಯ ದೇವತೆ. ‘ಫಿಡೆಸ್ ಮಿಲಿಟುಂ’, ಸೈನಿಕರ ನಿಷ್ಠೆ. 238ರಲ್ಲಿ ಅವನು ಉತ್ತರ ಇಟಲಿಯ ಅಕ್ವಿಲಿಯ ನಗರವನ್ನು ಮುತ್ತಿ ಕುಳಿತನು. ನಗರ ಬಗ್ಗಲಿಲ್ಲ, ಮುತ್ತಿದವರಿಗೇ ಅನ್ನ ಮುಗಿಯುತ್ತ ಬಂದಿತು. ಎರಡನೆಯ ಪಾರ್ಥಿಕ ಲೀಜನ್ನಿನ ಸಿಪಾಯಿಗಳ ಹೆಂಡಿರುಮಕ್ಕಳು ರೋಮಿಗೆ ಸಮೀಪದ ಆಲ್ಬನ್ ಬೆಟ್ಟದ ಪಾಳೆಯದಲ್ಲಿದ್ದರು, ರೋಮೋ ಆಗ ಅವನ ವೈರಿಗಳ ವಶದಲ್ಲಿದ್ದಿತು. ಒಂದು ಮಧ್ಯಾಹ್ನ, ಎಲ್ಲರೂ ವಿಶ್ರಮಿಸುವ ಹೊತ್ತಿನಲ್ಲಿ ಆ ಸಿಪಾಯಿಗಳು ಅವನ ಡೇರೆಯ ಕಡೆಗೆ ನಡೆದರು. ಅವರು ಮೊದಲು ಮಾಡಿದ ಕೆಲಸವನ್ನು ಇತಿಹಾಸಕಾರ ಹೆರೋಡಿಯನ್ ಹೇಳಿದ್ದಾನೆ: ದಳದ ನಿಶಾನಿಗಳ ಮೇಲಿದ್ದ ಅವನ ಭಾವಚಿತ್ರಗಳನ್ನು ಕಿತ್ತೆಸೆದರು. ಅನಂತರ ಅವನನ್ನೂ ಅವನ ಮಗನನ್ನೂ ಕೊಂದು ತಲೆಗಳನ್ನು ರೋಮಿಗೆ ಕಳುಹಿಸಿಕೊಟ್ಟರು.

ಸುಬೇದಾರರು — ನಿಶಾನಿಯಿಂದ ಚಿತ್ರವನ್ನು ಕಿತ್ತರು ಎಂದಿರಲ್ಲ, ಅದು ನನಗೆ ಮುಖ್ಯವಾಗಿ ತೋರುತ್ತದೆ. ನಿಶಾನಿಯನ್ನು ಮುರಿಯಲಿಲ್ಲ. ಮುರಿಯುವುದೂ ಇಲ್ಲ. ಸಿಪಾಯಿಗೆ ನಿಶಾನಿ ತನ್ನದು, ಅದರ ಮೇಲಿನ ಮುಖ ಬಾಡಿಗೆಯದು. ಮೊದಲು ನಾನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರಬಹುದು. ಈ ಪುಟ್ಟ ಕಾಸಿನ ಮೇಲೆ ಜಗಲಿಯೂ ಇಲ್ಲ, ಕೈಚಾಚಿ ಮಾತನಾಡುವ ಚಕ್ರವರ್ತಿಯೂ ಇಲ್ಲ, ನಿಷ್ಠೆಯ ದೇವತೆಯೂ ಇಲ್ಲ. ಇಬ್ಬರು ಸಿಪಾಯಿಗಳು ಮಾತ್ರ ತಮ್ಮ ನಿಶಾನಿಗೆ ತಾವೇ ಕಾವಲು ನಿಂತಿದ್ದಾರೆ.

ಉಪಾಧ್ಯಾಯರು — ಮುನ್ನೂರು ವರ್ಷಗಳ ಪ್ರಯಾಣವದು. ಮೊದಲು ಸಿಪಾಯಿಗಳು ಚಕ್ರವರ್ತಿಯ ಮಾತನ್ನು ಕೇಳುತ್ತ ನಿಂತರು. ಆಮೇಲೆ ದೇವತೆಯ ಮರೆಯಲ್ಲಿ ಚಕ್ರವರ್ತಿ ಸಿಪಾಯಿಗಳನ್ನು ಬೇಡಿಕೊಂಡನು. ಕಡೆಗೆ ನಾಣ್ಯದ ಒಂದು ಮುಖವನ್ನೇ ಅವರಿಗೆ ಬಿಟ್ಟುಕೊಟ್ಟನು. ಈಗ ಇದನ್ನು ಮಗುಚಿ ನೋಡಿ. ಇನ್ನೊಂದು ಬದಿಯಲ್ಲಿ ಯಾರಿದ್ದಾರೆ?

ಸುಬೇದಾರರು — ಮೀಸೆ ಮೂಡದ ಹುಡುಗನ ಮುಖ. ಮೂಗು ಚೂಪಾಗಿದೆ, ಕತ್ತು ಉದ್ದ. ಕಾನ್‌ಸ್ಟಾಂಟೈನನೆ?

ಉಪಾಧ್ಯಾಯರು — ಅಲ್ಲ. ‘ಫ್ಲಾ. ಡೆಲ್ಮಾಟಿಯಸ್ ನೋಬ್. ಸಿ.’ ಎಂದು ಬರೆದಿದೆ. ಘನವಂತ ಸೀಸರ್ ಡೆಲ್ಮಾಟಿಯಸ್, ಕಾನ್‌ಸ್ಟಾಂಟೈನನ ತಮ್ಮನ ಮಗ. ದೊಡ್ಡಪ್ಪನು ತನ್ನ ಮೂವರು ಮಕ್ಕಳ ಸಾಲಿಗೆ ಇವನನ್ನೂ ಸೇರಿಸಿ 335ರ ಸೆಪ್ಟೆಂಬರಿನಲ್ಲಿ ಸೀಸರ್, ಅಂದರೆ ಕಿರಿಯ ಸಾಮ್ರಾಟನ, ಪದವಿ ಕೊಟ್ಟು, ಡ್ಯಾನ್ಯೂಬಿನ ಕೆಳದಂಡೆಯ ಪ್ರಾಂತಗಳನ್ನು ವಹಿಸಿದನು. ಆಗಿನಿಂದ ಸಾಮ್ರಾಜ್ಯದ ಟಂಕಸಾಲೆಗಳು ಇವನ ಮುಖಕ್ಕೂ ಅಚ್ಚು ಕೊರೆದು, ಹಿಂಬದಿಗೆ ಎಲ್ಲರಿಗೂ ಹೊಡೆಯುತ್ತಿದ್ದ ಇದೇ ದಂಡಿನ ಕೀರ್ತಿಯನ್ನು ಹೊಡೆದುವು. 337ರ ಮೇ 22ರಂದು ಕಾನ್‌ಸ್ಟಾಂಟೈನ್ ತೀರಿಕೊಂಡನು. ಆ ಬೇಸಗೆಯಲ್ಲಿಯೇ, ಕಾನ್‌ಸ್ಟಾಂಟೈನನ ಮಕ್ಕಳನ್ನು ಬಿಟ್ಟು ಮತ್ತಾರೂ ನಮಗೆ ಒಡೆಯರಾಗಕೂಡದು ಎಂದು ಸಾರಿದ ದಂಡು, ಆ ವಂಶದ ಇತರ ಗಂಡಸರನ್ನೆಲ್ಲ ಕೊಚ್ಚಿಹಾಕಿತು. ಉಳಿದವರು ಗಾಲಸ್ ಮತ್ತು ಜೂಲಿಯನ್ ಎಂಬ ಇಬ್ಬರು ಬಾಲಕರು. ಸತ್ತವರಲ್ಲಿ ಈ ಹುಡುಗನೂ ಒಬ್ಬ. ಈ ಕೊಲೆಗಳ ಹಿಂದೆ ಮಧ್ಯದ ಮಗ ಕಾನ್‌ಸ್ಟಾಂಟಿಯಸನ ಕೈಯಿತ್ತೆಂದು, ಅಂದು ಬದುಕುಳಿದ ಜೂಲಿಯನ್ನನೇ ದೊಡ್ಡವನಾದ ಮೇಲೆ ಬಹಿರಂಗವಾಗಿ ಆರೋಪಿಸಿದನು. ಟಂಕಸಾಲೆಯವರಿಗೆ ಏನೂ ತೊಂದರೆಯಾಗಲಿಲ್ಲ. ಮುಖದ ಅಚ್ಚುಗಳಲ್ಲಿ ಒಂದನ್ನು ಪೆಟ್ಟಿಗೆಗೆ ಹಾಕಿದರು. ಸಿಪಾಯಿಗಳ ಅಚ್ಚನ್ನು ಮುಂದುವರಿಸಿದರು, 341ರ ಸುಮಾರಿನವರೆಗೆ.

ಸುಬೇದಾರರು — ಇವನ ಮುಖದ ಬೆನ್ನಿಗೇ ಇವನನ್ನು ಕೊಂದವರು. ಈಗ ನನ್ನ ಆಕ್ಷೇಪವನ್ನು ಬಿಡುತ್ತೇನೆಂದು ತಾವು ತಿಳಿಯಬೇಡಿ; ಸಿಪಾಯಿ ಇದನ್ನು ನೋಡಿ ಉಬ್ಬಿದನೆಂಬುದನ್ನು ನಾನು ಈಗಲೂ ನಂಬುವುದಿಲ್ಲ. ಚಕ್ರವರ್ತಿ ಕೊಟ್ಟ ಹೊಗಳಿಕೆಯನ್ನು ಸಿಪಾಯಿ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದಕ್ಕೆ ಈ ಹುಡುಗನೇ ಸಾಕ್ಷಿ.

ಉಪಾಧ್ಯಾಯರು — ಆ ಮಾತು ಜೋನ್ಸರಿಗೂ ಹಿಡಿಸುತ್ತಿತ್ತು. ಕೊಟ್ಟವನ ಮನಸ್ಸು ನಾಣ್ಯದಲ್ಲಿ ತಿಳಿಯುತ್ತದೆ, ತೆಗೆದುಕೊಂಡವನ ಮನಸ್ಸು ತಿಳಿಯುವುದಿಲ್ಲ. ನಮ್ಮ ಚರ್ಚೆ ಇಷ್ಟಕ್ಕೆ ಬಂದು ನಿಂತರೆ ನನಗೆ ಆಕ್ಷೇಪವಿಲ್ಲ.

ಸುಬೇದಾರರು — ಆಮೇಲೆ ಈ ಇಬ್ಬರು ಎಲ್ಲಿಗೆ ಹೋದರು?

ಉಪಾಧ್ಯಾಯರು — ಪಹರೆ ಬಿಟ್ಟು ಕೊಲ್ಲುವುದಕ್ಕೆ ಹೋದರು. 348ರ ಸುಮಾರಿಗೆ, ರೋಮ್ ನಗರಕ್ಕೆ ಸಾವಿರದ ನೂರು ವರ್ಷ ತುಂಬಿತೆಂಬ ಎಣಿಕೆಯ ಕಾಲದಲ್ಲಿ, ಕಾನ್‌ಸ್ಟಾಂಟಿಯಸನೂ ಅವನ ತಮ್ಮ ಕಾನ್‌ಸ್ಟಾನ್ಸನೂ ಹೊಸದೊಂದು ಕಂಚಿನ ನಾಣ್ಯಮಾಲೆಯನ್ನು ಹೊರಡಿಸಿದರು. ‘ಫೆಲ್ ಟೆಂಪ್ ರೆಪರಾಷಿಯೊ’, ಸುಖಕಾಲದ ಪುನರಾಗಮನ. ಅದರಲ್ಲಿ ಬಹಳವಾಗಿ ಹರಡಿದ ಚಿತ್ರವಿದು, ಈ ಪುಟದಲ್ಲಿ ನೋಡಿ: ಗುರಾಣಿ ಹಿಡಿದ ರೋಮನ್ ಸೈನಿಕನು, ಕುಸಿಯುತ್ತಿರುವ ಕುದುರೆಯ ಮೇಲಿನ ಪರದೇಶಿಯನ್ನು ಭರ್ಜಿಯಿಂದ ಇರಿಯುತ್ತಿದ್ದಾನೆ. ಪರದೇಶಿಯ ತಲೆಗೆ ಟೊಪ್ಪಿಗೆ. ಒಂದು ಕೈಯನ್ನು ಹಿಂದಕ್ಕೆ, ಇರಿಯುವವನ ಕಡೆಗೇ ಚಾಚಿದ್ದಾನೆ. ತಡೆಯುವುದಕ್ಕೋ ಬೇಡುವುದಕ್ಕೋ ಎಂದು ನಾನು ಎಷ್ಟೋ ಸಲ ನೋಡಿದ್ದೇನೆ. ಹೆಬ್ಬೆರಳುಗುರಿನಷ್ಟು ಜಾಗದಲ್ಲಿ, ಹೆಸರಿಲ್ಲದ ಒಬ್ಬ ಅಚ್ಚುಗಾರನು ಆ ಕೈಯೊಂದನ್ನು ಕೊರೆದಿರುವ ರೀತಿಗೆ, ಸುತ್ತಲಿನ ರಾಜಘೋಷಣೆಯನ್ನೆಲ್ಲ ನಾನು ಧಾರಾಳವಾಗಿ ಬಿಟ್ಟುಕೊಟ್ಟೇನು.

ಸುಬೇದಾರರು — ಬೇಡುತ್ತಿದ್ದಾನೆ. ಅಷ್ಟು ಹತ್ತಿರದಲ್ಲಿ ಯಾರೂ ಬರಿಗೈಯಿಂದ ಭರ್ಜಿಯನ್ನು ತಡೆಯಹೋಗುವುದಿಲ್ಲ. ಸುಖಕಾಲ ಬಂದಿತೆ?

ಉಪಾಧ್ಯಾಯರು — 350ರಲ್ಲಿ ಕಾನ್‌ಸ್ಟಾನ್ಸನನ್ನು ಅವನ ಸೇನಾಧಿಕಾರಿ ಮಾಗ್ನೆಂಟಿಯಸನ ಕಡೆಯವರು ಕೊಂದರು. ಆ ಮಾಗ್ನೆಂಟಿಯಸನೂ ತನ್ನ ಕಂಚಿನ ಮೇಲೆ, ಕುದುರೆಯೇರಿ ಪರದೇಶಿಯನ್ನು ಇರಿಯುವ ಚಕ್ರವರ್ತಿಯನ್ನೇ ಹೊಡೆಸಿದನು. ಮರುವರ್ಷ ಸೆಪ್ಟೆಂಬರ್ 28ರಂದು, ಈಗಿನ ಕ್ರೊಯೇಷಿಯದ ಓಸಿಯೆಕ್ ನಗರವಿರುವಲ್ಲಿ, ಮುರ್ಸ ಎಂಬ ಊರ ಬಯಲಿನಲ್ಲಿ ಅವನ ದಂಡಿಗೂ ಕಾನ್‌ಸ್ಟಾಂಟಿಯಸನ ದಂಡಿಗೂ ಯುದ್ಧವಾಯಿತು. ಎರಡು ಕಡೆಯವರ ಕಾಸಿನ ಮೇಲೂ ಬೀಳುತ್ತಿದ್ದವನು ಪರದೇಶಿ; ಬಯಲಿನಲ್ಲಿ ಎರಡು ಕಡೆಯಲ್ಲೂ ಬಿದ್ದವರು ರೋಮಿನ ಸಂಬಳದ ಸಿಪಾಯಿಗಳು. ಸಾಮ್ರಾಜ್ಯದ ಗಡಿಯ ಕಾವಲಿಗೆ ಸಾಲುತ್ತಿದ್ದ ಪಡೆಗಳು ಒಂದೇ ದಿನದಲ್ಲಿ ಕರಗಿಹೋದುವೆಂದು ಆ ಕಾಲಕ್ಕೆ ಸಮೀಪದ ಲೇಖಕರು ಮರುಗಿದ್ದಾರೆ.

ಸುಬೇದಾರರು — ಈ ಸಿಪಾಯಿಕಾಸು ನಮ್ಮ ದೇಶಕ್ಕೂ ಬಂದಿತೆಂದು ಎಲ್ಲಿಯೋ ಕೇಳಿದ ನೆನಪು.

ಉಪಾಧ್ಯಾಯರು — ನಮ್ಮ ಕನ್ನಡ ಸೀಮೆಗೆ ಬಂದದ್ದು ಹೆಚ್ಚಾಗಿ ಅದಕ್ಕೂ ಹಿಂದಿನ ಬೆಳ್ಳಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ಸಿಕ್ಕಿರುವ ದಿನಾರಗಳು ಅಂಥವು. ನಾಲ್ಕು ಐದನೆಯ ಶತಮಾನಗಳ ಈ ಸಣ್ಣ ಕಂಚುಗಳು ತಮಿಳುನಾಡಿನಲ್ಲಿ ಕರೂರಿನ ಅಮರಾವತಿಯ ಮರಳಿನಲ್ಲಿ, ಮಧುರೆಯಲ್ಲಿ, ವೈಗೈ ನದಿಯ ಮುಖದ ಅಳಗನ್‌ಕುಳಂನಲ್ಲಿ ಸಿಕ್ಕುತ್ತವೆ; ಸಿಂಹಳದಲ್ಲಿಯಂತೂ ಸಾವಿರಗಟ್ಟಲೆ. ಅಲ್ಲಿಯ ಸಂತೆಯಲ್ಲಿ ಅವು ಚಿಲ್ಲರೆಯಾಗಿ ನಡೆದುವು. ಸಾಲದೆ ಹೋದಾಗ ಅಲ್ಲಿಯವರೇ ಅದೇ ಮಾದರಿಯಲ್ಲಿ ಹೊಡೆದುಕೊಂಡರು. ಆ ಅನುಕರಣಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೀಟುಗಳಾಗಿವೆ. ದಂಡೂ ಇಲ್ಲದ, ಆ ಚಕ್ರವರ್ತಿಯ ಹೆಸರನ್ನೂ ಕೇಳದ ಕಡೆಯಲ್ಲಿ ಸಿಪಾಯಿಯ ಚಿತ್ರವು ಮೆಣಸಿಗೂ ಮುತ್ತಿಗೂ ಅಲ್ಲ, ಪ್ರಾಯಶಃ ದಿನದ ಸೊಪ್ಪುತರಕಾರಿಗೆ ಸಂದಿತು.

ಸುಬೇದಾರರು — ಅಲ್ಲಾದರೂ ಯಾರೂ ಅವನಿಂದ ನಿಷ್ಠೆಯನ್ನು ಕೇಳಲಿಲ್ಲ. ರೋಮಿನಲ್ಲಿ ಕೊನೆಗೇನಾಯಿತು?

ಉಪಾಧ್ಯಾಯರು — ನಾಣ್ಯ ಇನ್ನೂ ಕಿರಿದಾಗುತ್ತ ಹೋಯಿತು. ಐದನೆಯ ಶತಮಾನದಲ್ಲಿ ಒಂದು ಗ್ರಾಮಿನ ಆಸುಪಾಸಿನ ಬಿಲ್ಲೆ. ಅದರ ಮೇಲೆ ಸೆರೆಯಾಳನ್ನು ಎಳೆದುಕೊಂಡು ಹೋಗುವ ಜಯದೇವತೆ, ಅವಳನ್ನೂ ಊಹೆಯಿಂದ ಗುರುತಿಸಬೇಕು. 498ರಲ್ಲಿ ಅನಸ್ತಾಸಿಯಸ್ ಚಕ್ರವರ್ತಿಯು ಇದನ್ನೆಲ್ಲ ತಳ್ಳಿ ದೊಡ್ಡ ಕಂಚನ್ನು ಹೊರಡಿಸಿದಾಗ ಹಿಂಬದಿಯಲ್ಲಿ ಚಿತ್ರವೇ ಉಳಿಯಲಿಲ್ಲ. ‘ಎಂ’ ಎಂಬ ಒಂದೇ ದೊಡ್ಡ ಅಕ್ಷರ. ಗ್ರೀಕ್ ಎಣಿಕೆಯಲ್ಲಿ ಅದು ನಲವತ್ತು, ಅಂದರೆ ನಲವತ್ತು ಸಣ್ಣ ಕಾಸಿನ ಬೆಲೆ.

ಸುಬೇದಾರರು — ಅದು ಸರಿಯಾದ ನಾಣ್ಯ. ಸಿಪಾಯಿಯನ್ನು ಮನೆಗೆ ಕಳಿಸಿ ಬೆಲೆಯನ್ನು ಬರೆದರು.

ಉಪಾಧ್ಯಾಯರು — ಮನೆಗೆ ಕಳಿಸಿದರೆಂದು ಹೇಳಲಾರೆ. ಮುಂಬದಿಯನ್ನೂ ನೋಡಬೇಕು. ಜಸ್ಟಿನಿಯನ್ ಚಕ್ರವರ್ತಿಯ ಆಳ್ವಿಕೆಯ ಹನ್ನೆರಡನೆಯ ವರ್ಷದಿಂದ, ಅಂದರೆ 538ರಿಂದ, ಅಂಗೈತುಂಬುವ ಕಂಚಿನ ಮೇಲೆ ಅವನು ನಮ್ಮ ಕಡೆಗೆ ನೇರವಾಗಿ ಮುಖ ಮಾಡಿದ್ದಾನೆ: ತಲೆಗೆ ಶಿರಸ್ತ್ರಾಣ, ಎದೆಗೆ ಕವಚ, ಭುಜದ ಬಳಿ ಗುರಾಣಿ, ಆ ಗುರಾಣಿಯ ಮೇಲೆ ಕುದುರೆಸವಾರ. ಹಿಂಬದಿಯ ಸಿಪಾಯಿಯ ಸರಂಜಾಮೆಲ್ಲ ಮುಂಬದಿಗೆ ಬಂದು ಚಕ್ರವರ್ತಿಯ ಮೈಮೇಲೆ ಕುಳಿತಿದೆ.

ಸುಬೇದಾರರು — ಇವನು ಯಾವ ಯುದ್ಧ ಮಾಡಿದ?

ಉಪಾಧ್ಯಾಯರು — ಪಟ್ಟಕ್ಕೆ ಬಂದ ಮೇಲೆ ಒಂದು ಯುದ್ಧದಲ್ಲಿಯೂ ಸ್ವತಃ ದಂಡು ನಡೆಸಿದವನಲ್ಲ. ಆಫ್ರಿಕವನ್ನು ವ್ಯಾಂಡಲರಿಂದ ಗೆದ್ದು, ಇಟಲಿಗೆ ದಂಡೆತ್ತಿ ಹೋದವನು ಅವನ ಸೇನಾಪತಿ ಬೆಲಿಸಾರಿಯಸ್. 534ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ವಿಜಯೋತ್ಸವವಾದಾಗ ಆ ಸೇನಾಪತಿ ರಥವೇರದೆ ಕಾಲ್ನಡಿಗೆಯಿಂದ ಬಂದು, ಸಿಂಹಾಸನದ ಮುಂದೆ ಸೆರೆಸಿಕ್ಕ ವ್ಯಾಂಡಲ್ ರಾಜನೊಡನೆ ತಾನೂ ಅಡ್ಡಬಿದ್ದನು.

ಸುಬೇದಾರರು — ಆ ಬೆಲಿಸಾರಿಯಸನ ಮುಖ ಯಾವ ಪುಟದಲ್ಲಿದೆ?

ಉಪಾಧ್ಯಾಯರು — ನಮ್ಮವರೆಗೆ ಉಳಿದುಬಂದ ಯಾವ ನಾಣ್ಯದಲ್ಲಿಯೂ ಇಲ್ಲ, ಸುಬೇದಾರರೇ.